ಏರಿಯಲ್ ವೈರು

ಇಲಿ ಬಂದದ್ದು ವೈರಿಗಲ್ಲ, ಬೆಲ್ಲಕ್ಕೆ.
ಕಲಿಯಲು ಬಂದವರು ಯಾರೋ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ
ಒಂದು ಅಚ್ಚು ಬಿಟ್ಟುಹೋಗಿದ್ದರು, ಕಾಗದದಲ್ಲಿ ಸುತ್ತಿ.
ಬೆಲ್ಲ ಮುಗಿದ ಮೇಲೆ, ಹಲ್ಲು ಸುಮ್ಮನಿರಲಾರದೆ,
ವೈರು.

ತೊಂಬತ್ತೆಂಟನೇ ಇಸವಿಯ ಮಾರುತಿ. ನನ್ನ ಕಡೆಗೂ
ಒಂದು ಬ್ರೇಕು, ಒಂದು ಕ್ಲಚ್ಚು,
ನೆತ್ತಿಯ ಮೇಲೆ ಕೆಂಪು 'ಎಲ್'.
ಅರ್ಧ ಮಂಡ್ಯ ಈ ಗಾಡಿಯಲ್ಲಿ
ಬೆವರಿದೆ, ಮನೆದೇವರನ್ನು ಕರೆದಿದೆ,
ಗುತ್ತಲು ರಸ್ತೆಯ ಉಬ್ಬಿನ ಮೇಲೆ ಆಫಾಗಿ ನಿಂತಿದೆ.

ರೇಡಿಯೊ ಇದ್ದಷ್ಟು ದಿನ ಸಣ್ಣತಾಯಮ್ಮ
ಮೂರನೇ ಗೇರಿನವರೆಗೂ ಬರುತ್ತಿದ್ದರು.
ಅಂಗನವಾಡಿ ಟೀಚರು, ಐವತ್ತೆರಡು ವಯಸ್ಸು,
ಮೂವತ್ತು ಮಕ್ಕಳ ಗಲಾಟೆಯಲ್ಲಿ ಬೇಳೆ ಬೇಯಿಸುವ ಕೈ.
"ಸದ್ದೇ ಇಲ್ದಿದ್ರೆ ಇಂಜಿನ್ನು ನನ್ನೇ ಬಯ್ದಂಗಾಯ್ತದೆ ಮೇಡಮ್ಮೋರೆ."
ಈಗ ಸ್ಪೀಕರಿನಲ್ಲಿ ಬರೀ ಕರ್ರ್,
ಸಾಸಿವೆ ಸಿಡಿದು ಮುಗಿಯದ ಒಗ್ಗರಣೆ.
ಎರಡು ವಾರದಿಂದ ಅವರು ಎರಡನೇ ಗೇರಿನಲ್ಲೇ.

"ಸೆಟ್ಟೇ ಬದ್ಲಾಯಿಸಿ, ಬ್ಲೂಟೂತ್ ಹಾಕ್ಕೊಡ್ತೀನಿ," ಅಂದ ಜಬೀವುಲ್ಲಾ.
ಬೇಡವೆಂದೆ. ನೂರಿಪ್ಪತ್ತಕ್ಕೆ ವೈರು ತಂದೆ.
ಬ್ಯಾಟರಿಯ ಮೈನಸ್ಸು ಕಳಚಿ,
ಗೂಡಿನ ಎರಡು ಸ್ಕ್ರೂ ಬಾಯಲ್ಲಿ ಕಚ್ಚಿಕೊಂಡು
ಕಾಲು ಹೊರಗೆ, ತಲೆ ಒಳಗೆ, ಅಂಗಾತ ಮಲಗಿದೆ.
ಹತ್ತೊಂಬತ್ತು ವರ್ಷ ಕೂತ ಗಾಡಿ.
ಅದರ ಹೊಟ್ಟೆಯನ್ನು ಈ ಕಡೆಯಿಂದ ನೋಡಿರಲೇ ಇಲ್ಲ.
ಒಂದು ಸ್ಟಿಕ್ಕರ್ ಬೊಟ್ಟು. ಒಂದು ಬಳೆಚೂರು.
ಯಾರದೋ ಎಲ್ಲೆಲ್ಲಾರ್ ಫೋಟೊ,
ಮೂಗಿನವರೆಗೆ ಇಲಿ ತಿಂದದ್ದು.

ವೈರು ಸಿಕ್ಕಿತು. ಕಪ್ಪು ತೊಗಲು ಹರಿದು,
ತಾಮ್ರದ ಜಡೆ ಬಿಚ್ಚಿ ಕೆದರಿ,
ಒಳಗಿನ ನರ ಮಾತ್ರ ಪೂರ್ತಿ ತುಂಡಾಗದೆ
ಒಂದೇ ಎಳೆಯಲ್ಲಿ ಮೈಸೂರು ನಿಲಯವನ್ನು
ಹಿಡಿದುಕೊಂಡಿತ್ತು. ಅದಕ್ಕೇ ಆ ಕರ್ರ್.

ಹಳೆಯದರ ತುದಿಗೆ ಹೊಸದನ್ನು ದಾರದಿಂದ ಕಟ್ಟಿ
ಮೆಲ್ಲಗೆ ಎಳೆಯಬೇಕು,
ಹೋಗುವುದೇ ಬರುವುದನ್ನು ಕರೆದುಕೊಂಡು ಬರುತ್ತದೆ
ಅಂತ ಜಬೀವುಲ್ಲಾ ಹೇಳಿಕೊಟ್ಟಿದ್ದ.
ಕೇಳಲು ಚೆನ್ನಾಗಿತ್ತು.
ತಗಡಿನ ಸಂದಿಯಲ್ಲೆಲ್ಲೋ ದಾರ ಪಟ್ಟೆಂದಿತು.
ಹೋಗುವುದು ಹೋಯಿತು. ಬರಬೇಕಾದದ್ದು
ಕತ್ತಲಲ್ಲಿ ನಿಂತೇಬಿಟ್ಟಿತು.

ಅರ್ಧ ಗಂಟೆ ತಂತಿಯಲ್ಲಿ ಕೆದಕಿದೆ.
ಬೆರಳಿಗೆ ರಕ್ತ, ಬಾಯಿಗೆ ಬೈಗುಳ.
ಐದೂವರೆಯ ಕ್ಲಾಸಿಗೆ ಬಂದ ಸಣ್ಣತಾಯಮ್ಮ
ಬಗ್ಗಿ ಕೇಳಿದರು:
"ಲಂಗದ ಲಾಡಿ ಒಳಕ್ಕೋದ್ರೆ ಏನ್ಮಾಡ್ತೀರಿ?"

ನಾನು ಉತ್ತರಿಸುವುದರೊಳಗೆ ಆಫೀಸಿನ ಪೊರಕೆಯಿಂದ
ಒಂದು ತೆಂಗಿನ ಕಡ್ಡಿ ಕಿತ್ತು ತಂದಾಗಿತ್ತು.
ವೈರನ್ನು ಹೊರಗೆಳೆದು, ಕಡ್ಡಿಗೆ ನೂಲು ಸುತ್ತಿ ಬಿಗಿದು,
ಏರಿಯಲ್ಲಿನ ತೂತಿನಿಂದ ತೂರಿದರು,
ಕಣ್ಣು ಮುಚ್ಚಿಕೊಂಡು,
ನೆರಿಗೆ ಸರಿಸುವವರಂತೆ ತಗಡನ್ನು ಹೊರಗಿನಿಂದ ಸವರುತ್ತ,
"ಇಲ್ಲೊಂದು ತಿರುವು... ಇದೇನೋ ಅಡ್ಡ... ಬಂತು,
ಬಂತು, ಇಡ್ಕಳಿ!"
ಕಡ್ಡಿ ನನ್ನ ಕೆನ್ನೆಗೆ ಚುಚ್ಚಿತು.

ಈ ಹೆಂಗಸು ರಿವರ್ಸಿನಲ್ಲಿ
ಒಂದು ದಿನವೂ ಆ ಕರೆಂಟು ಕಂಬವನ್ನು ತಪ್ಪಿಸಿದವರಲ್ಲ.

ವೈರು ಸಿಕ್ಕಿಸಿ, ಬ್ಯಾಟರಿ ಕೊಟ್ಟು,
ಕೋಲನ್ನು ಪೂರಾ ಉದ್ದ ಎಳೆದೆ.
ಮೊದಲು ಏನೂ ಇಲ್ಲ. ಆಮೇಲೆ ಒಂದು ಗಂಟಲು, ಬಲು ಹತ್ತಿರ,
ಹಿಂದಿನ ಸೀಟಿನಲ್ಲೇ ಕೂತು ಓದುತ್ತಿರುವಂತೆ:
ಕನ್ನಂಬಾಡಿ ಕಟ್ಟೆಯ ಇಂದಿನ ನೀರಿನ ಮಟ್ಟ
ನೂರಹದಿನೇಳು ಅಡಿ.
ಗದ್ದೆ ನನಗೂ ಇಲ್ಲ, ಅವರಿಗೂ ಇಲ್ಲ.
ಆದರೂ ನಮ್ಮೂರಲ್ಲಿ ಆ ಸಂಖ್ಯೆ ಹೇಳುವಾಗ
ಯಾರೂ ಮಾತಾಡುವುದಿಲ್ಲ.

ಹೊರಟೆವು. ಸಕ್ಕರೆ ಕಾರ್ಖಾನೆ ದಾಟುವಾಗ ಮೂರನೇ ಗೇರು.
ನಾನು ಹೇಳದೆಯೇ ನಾಲ್ಕನೆಯದು.
ಎದುರಿಗೆ ಕಬ್ಬು ಹೇರಿದ ಟ್ರ್ಯಾಕ್ಟರು,
ಎರಡು ಟ್ರೈಲರು, ಒಂದು ದೀಪವೂ ಇಲ್ಲ.
ನನ್ನ ಕಾಲು ನನ್ನ ಬ್ರೇಕಿನ ಮೇಲೆ.

"ಆ ರೇಡಿಯಾ ವಸಿ ಕಮ್ಮಿ ಮಾಡಿ ಮೇಡಮ್ಮೋರೆ,
ರಸ್ತೆ ಕಾಣ್ತಾ ಇಲ್ಲ."